ಭಾವನ ಮಳೆ ಚಪ್ಪರವನ್ನು ಶಾರ್ಕ್ ಟ್ಯಾಂಕ್‌ಗೆ ಕಳಿಸಬೇಕಾ?

ತೋಟದಮನೆ, ಹೊಸನಗರ ತಾಲ್ಲೂಕು

ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಶಾರ್ಕ್ ಟ್ಯಾಂಕ್ ಇಂಡಿಯಾ ನೋಡುವುದು ರೂಢಿಯಾಗಿದೆ. ಹೊಸ ವ್ಯವಹಾರ ಶುರು ಮಾಡಿದವರು ಬಂದು, ಕಂಪನಿಯಲ್ಲಿ ಪಾಲು ಕೊಡುತ್ತೇವೆ ಅಂತ ಹೇಳಿ ದೊಡ್ಡ ಉದ್ಯಮಿಗಳ ಹತ್ತಿರ ಬಂಡವಾಳ ಕೇಳುವ ಟಿವಿ ಕಾರ್ಯಕ್ರಮ ಅದು. 2021ರ ಡಿಸೆಂಬರ್‌ನಲ್ಲಿ ಮೊದಲ ಸೀಸನ್ ಶುರುವಾದಾಗ ನಾನೊಬ್ಬನೇ ಮೊಬೈಲಿನಲ್ಲಿ ನೋಡುತ್ತಿದ್ದೆ. ಈಗ ಅಪ್ಪನೂ ಜೊತೆಗೆ ಕೂರುತ್ತಾರೆ. ಹಿಂದಿ ಅವರಿಗೆ ಅರ್ಧ ಅರ್ಥವಾಗುತ್ತದೆ, ಉಳಿದದ್ದನ್ನು ನಾನು ಹೇಳುತ್ತೇನೆ. ಲೆಕ್ಕ ಮಾತ್ರ ನನಗಿಂತ ಮೊದಲೇ ಹಿಡಿದುಬಿಡುತ್ತಾರೆ.

ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕನ ಗಂಡ ಐಟಿಐ ಫಿಟ್ಟರ್. ಊರಲ್ಲೇ ಇದ್ದಾರೆ. ಮೂರು ವರ್ಷದ ಹಿಂದೆ ಕೊಯ್ಲಿನ ಹೊತ್ತಿಗೆ ಸರಿಯಾಗಿ ಅಕಾಲ ಮಳೆ ಹೊಡೆಯಿತು. ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ ಅಂಗಳಕ್ಕೆ ಹರವಿದ್ದ ಎರಡು ಹಂಡೆ ಅಡಿಕೆ ನೆನೆದು ಬಣ್ಣ ಕಳೆದುಕೊಂಡಿತು, ಆಮೇಲೆ ಬೂಷ್ಟು ಬಂತು. ಮಂಡಿಯಲ್ಲಿ ಅದಕ್ಕೆ ಸಿಕ್ಕ ರೇಟು ಹೇಳೋದೇ ಬೇಡ. ಆ ರಾತ್ರಿ ಟಾರ್ಪಾಲು ಹಿಡಿದು ಓಡುವಾಗ ಅಕ್ಕ ಜಾರಿ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡಳು. ಭಾವ ಅವತ್ತೇ ತೀರ್ಮಾನ ಮಾಡಿದರು.

ಈಗ ಅಂಗಳದ ಎರಡು ಬದಿ ಕಬ್ಬಿಣದ ಹಳಿ ಇದೆ. ಅದರ ಮೇಲೆ ಜಾರುವ ಟಾರ್ಪಾಲಿನ ಮಾಡು. ಮಳೆ ಹನಿ ಬಿದ್ದರೆ ಸೆನ್ಸರ್‌ಗೆ ಗೊತ್ತಾಗುತ್ತದೆ, ಮೋಟಾರು ಎಳೆದು ಮುಚ್ಚುತ್ತದೆ. ಮಳೆ ನಿಂತ ಮೇಲೆ ಗುಂಡಿ ಒತ್ತಿದರೆ ತೆರೆಯುತ್ತದೆ. ನಾವು ಅದನ್ನು ಮಳೆ ಚಪ್ಪರ ಅಂತ ಕರೆಯುತ್ತೇವೆ.

ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: ಟಿವಿಗೆ ಕಳಿಸಿ. 25 ಲಕ್ಷ ಕೇಳಿ, ಶೇ 10 ಪಾಲು ಕೊಡಿ ಅಂತ. ಭಾವನಿಗೆ ಆಸೆಯೂ ಇದೆ, ಹೆದರಿಕೆಯೂ ಇದೆ. ಹಿಂದಿ ಸರಿಯಾಗಿ ಬರುವುದಿಲ್ಲ. ಎಲ್ಲರ ಮುಂದೆ ಮಾತು ತಡವರಿಸಿದರೆ ಅಂತ ಚಿಂತೆ. ಈ ಕಾರ್ಯಕ್ರಮ ನೋಡುವವರು ನೀವು. ನಿಮಗೆ ಏನನ್ನಿಸುತ್ತದೆ?

ಅಂಗಡಿಯವನು, ತೀರ್ಥಹಳ್ಳಿ

ಕಳಿಸಬೇಡಿ. ನಾನು ಮೊದಲ ಸೀಸನ್ ಪೂರ್ತಿ ನೋಡಿದ್ದೇನೆ. ವರ್ಷಗಟ್ಟಲೆ ಕಷ್ಟಪಟ್ಟು ಏನೋ ಮಾಡಿಕೊಂಡು ಬಂದವರನ್ನು ಹತ್ತು ನಿಮಿಷದಲ್ಲಿ ಇದೆಲ್ಲ ವ್ಯರ್ಥ ಅಂತ ಹೇಳಿ ಕಳಿಸುವುದು ನನಗೆ ಸಹಿಸಲು ಆಗುವುದಿಲ್ಲ. ಮಾಲೆಗಾಂವ್‌ನ ಜುಗಾಡು ಕಮಲೇಶ್ ನೆನಪಿದೆಯಾ? ಔಷಧಿ ಡಬ್ಬ ಬೆನ್ನಿಗೆ ಹೊರುವುದು ತಪ್ಪಲಿ ಅಂತ ಸೈಕಲ್ ಥರ ತಳ್ಳುವ ಸ್ಪ್ರೇ ಗಾಡಿ ಮಾಡಿದ ರೈತ. ದುಡ್ಡು ಹಾಕುವವರಲ್ಲಿ ಒಬ್ಬರಾದ, ಕನ್ನಡಕ ಮಾರುವ ಲೆನ್ಸ್‌ಕಾರ್ಟ್‌ನ ಪೀಯೂಷ್ ಬನ್ಸಲ್ ಅವರು 10 ಲಕ್ಷ ಕೊಟ್ಟು ಶೇ 40 ಪಾಲು ತೆಗೆದುಕೊಂಡರು. ಹತ್ತಿರ ಹತ್ತಿರ ಅರ್ಧ! ರೈತನ ತಲೆ, ರೈತನ ಕೈ, ಪಾಲು ಇನ್ನೊಬ್ಬರಿಗೆ. ನಮ್ಮ ಹುಡುಗನಿಗೂ ಹಾಗೆ ಆಗುವುದು ಬೇಡ.

ಬೆಂಗಳೂರಿನಲ್ಲಿರುವ ಕೋಣಂದೂರಿನವನು

ಅಂಗಡಿ ಅಣ್ಣ, ಆ ಎಪಿಸೋಡು ನೋಡಿ ನನ್ನ ಕಣ್ಣಲ್ಲೂ ನೀರು ಬಂದಿತ್ತು. ಆದರೆ ಅರ್ಧ ಮಾತ್ರ ಹೇಳಿದಿರಿ. 10 ಲಕ್ಷದ ಜೊತೆಗೆ 20 ಲಕ್ಷ ಬಡ್ಡಿಯಿಲ್ಲದ ಸಾಲವೂ ಇತ್ತು. ಆಗ ಅವರ ಹತ್ತಿರ ಇದ್ದದ್ದು ಒಂದು ಗಾಡಿ, ಒಳ್ಳೆಯ ಮನಸ್ಸು, ಬೇಕಾದಷ್ಟು ಛಲ. ಮಾರಾಟ ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಉಳಿದವರೆಲ್ಲ ಹಿಂದೆ ಸರಿದಾಗ ಇವರೊಬ್ಬರು ಮುಂದೆ ಬಂದರು.

ಈಗ ನಿಮ್ಮ ಭಾವನ ಲೆಕ್ಕ ನೋಡೋಣ. 25 ಲಕ್ಷಕ್ಕೆ ಶೇ 10 ಅಂದರೆ ಇಡೀ ಕಂಪನಿಯ ಬೆಲೆ ಎರಡೂವರೆ ಕೋಟಿ ಅಂತ ನೀವೇ ಹೇಳಿದ ಹಾಗೆ. ಬಾಗಿಲು ತೆರೆದು ಒಳಗೆ ಹೋದ ಕೂಡಲೇ ಬರುವ ಪ್ರಶ್ನೆ ಇದು: ಕಳೆದ ವರ್ಷ ಎಷ್ಟು ಮಾರಿದಿರಿ? ಉತ್ತರ ಏನು?

ಇನ್ನೊಂದು ವಿಷಯ. ಟಿವಿಯಲ್ಲಿ ಕೈ ಕುಲುಕಿದರೆ ದುಡ್ಡು ಬಂತು ಅಂತ ಅಲ್ಲ. ಆಮೇಲೆ ಕಾಗದಪತ್ರ, ಲೆಕ್ಕ, ತೆರಿಗೆ ಎಲ್ಲ ತಪಾಸಣೆ ಆಗುತ್ತದೆ. ಅಲ್ಲಿ ಮುರಿದುಬಿದ್ದ ಡೀಲ್‌ಗಳು ಸುಮಾರಿವೆ. ನಾವು ನೋಡುವ ಹತ್ತು ಹದಿನೈದು ನಿಮಿಷ ತುಂಬ ಹೊತ್ತು ನಡೆದ ಮಾತುಕತೆಯಿಂದ ಕತ್ತರಿಸಿ ತೆಗೆದದ್ದು. ಹಾಗಾಗಿ ಯಾರು ಒರಟು, ಯಾರು ಒಳ್ಳೆಯವರು ಅಂತ ಅಷ್ಟರಲ್ಲೇ ತೀರ್ಮಾನ ಮಾಡಲು ಆಗುವುದಿಲ್ಲ.

ಉಪ್ಪಿನಕಾಯಿ ಮಾಡುವ ಅಕ್ಕ, ಸಾಗರ

ನಾನು ಹೇಳುವುದು ಸ್ವಲ್ಪ ಉದ್ದ ಇದೆ, ಓದಿ.

ಹನ್ನೊಂದು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಿದ್ದೇನೆ. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ, ಈಗ ಕೊರಿಯರ್‌ನಲ್ಲಿ. ತಿಂದವರೆಲ್ಲ ಚೆನ್ನಾಗಿದೆ ಅಂದರು. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದೆ ಇದ್ದ ಪ್ರಶ್ನೆ ಒಂದು. ಒಂದು ಬಾಟಲಿಗೆ ನಿನಗೆ ಬೀಳುವ ಖರ್ಚೆಷ್ಟು?

ಒಂದು ದಿನ ಆ ಕಾರ್ಯಕ್ರಮದಲ್ಲಿ ನನ್ನ ಹಾಗೆಯೇ ಮನೆಯಲ್ಲಿ ತಿಂಡಿ ಮಾಡುವ ಹೆಂಗಸಿಗೆ ಆ ಪ್ರಶ್ನೆ ಕೇಳಿದರು. ಆಕೆ ತಡವರಿಸಿದಳು. ನನಗೆ ಮೈಯೆಲ್ಲ ಬಿಸಿಯಾಯಿತು. ಅಲ್ಲಿ ನಾನು ನಿಂತಿದ್ದರೂ ಹಾಗೇ ಆಗುತ್ತಿತ್ತು ಅಲ್ವಾ?

ಮರುದಿನ ಬೆಳಿಗ್ಗೆ ನೋಟ್‌ಬುಕ್ ತೆಗೆದೆ. ಮಿಡಿ ನಾವು ಲೆಕ್ಕದಲ್ಲಿ ಕೊಳ್ಳುವುದು, ನೂರಕ್ಕೆ ಇಷ್ಟು ಅಂತ. ಅದು ಬರೆದೆ. ಉಪ್ಪು, ಸಾಸಿವೆ, ಮೆಣಸು, ಬಾಟಲಿ, ಮುಚ್ಚಳ, ಲೇಬಲ್. ಉಪ್ಪಿನಲ್ಲಿ ಹಾಕಿಟ್ಟಾಗ ಕೆಟ್ಟುಹೋಗುವ ಮಿಡಿ. ದಾರಿಯಲ್ಲಿ ಒಡೆಯುವ ಗಾಜು. ನಂದೂ ಅತ್ತೆಯದ್ದೂ ಕೂಲಿ ಮಾತ್ರ ಅಲ್ಲಿವರೆಗೆ ಎಲ್ಲೂ ಬರೆದೇ ಇರಲಿಲ್ಲ. ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಕೊಡುವಷ್ಟೇ ನಮಗೂ ಹಾಕಿದೆ. 180 ರೂಪಾಯಿಗೆ ಮಾರುತ್ತಿದ್ದ ಬಾಟಲಿಗೆ 193 ರೂಪಾಯಿ ಬಿದ್ದಿತ್ತು. ಹನ್ನೊಂದು ವರ್ಷ ನಾವಿಬ್ಬರು ನಮ್ಮ ಕೂಲಿಯೂ ಪೂರ್ತಿ ಹುಟ್ಟದೆ ಊರಿಗೆಲ್ಲ ಉಪ್ಪಿನಕಾಯಿ ತಿನ್ನಿಸಿದ್ದೆವು.

ಅವತ್ತು ಅತ್ತೆ ಊಟ ಮಾಡಲಿಲ್ಲ. ನನಗೂ ಅಳು ಬಂತು. ಆದರೆ ಆಮೇಲೆ ದರ ಏರಿಸಿದೆವು. ಗಾಜು ಬಿಟ್ಟು ಪೌಚ್ ಮಾಡಿದೆವು. ಸಣ್ಣ ಆಹಾರ ಉದ್ಯಮಗಳಿಗೆ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸೀಲಿಂಗ್ ಯಂತ್ರಕ್ಕೆ ಸಹಾಯಧನ ತೆಗೆದುಕೊಂಡೆವು. ಆ ಯೋಜನೆಯಲ್ಲಿ ಕೇಂದ್ರದಿಂದ ಶೇ 35, ಗರಿಷ್ಠ 10 ಲಕ್ಷದವರೆಗೆ ಸಿಗುತ್ತದೆ. ನಮ್ಮ ರಾಜ್ಯ ಅದಕ್ಕೆ ಇನ್ನೂ ಶೇ 15 ಸೇರಿಸುತ್ತದೆ. ಈಗ ತಿಂಗಳಿಗೆ ಇಬ್ಬರಿಗೂ ಸಂಬಳ ಅಂತ ತೆಗೆದಿಡುತ್ತೇವೆ. ಅತ್ತೆ ಅವರ ಸಂಬಳದಲ್ಲಿ ಮೊಮ್ಮಗಳಿಗೆ ಬೆಳ್ಳಿ ಗೆಜ್ಜೆ ತಂದರು.

ತಮ್ಮಾ, ನಾನು ಟಿವಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಆ ಪ್ರಶ್ನೆಗಳು ಬೇಕು. ನಿಮ್ಮ ಭಾವನಿಗೆ ಮೊದಲು ಮನೆಯಲ್ಲೇ ಆ ಪ್ರಶ್ನೆ ಕೇಳಿ.

ತೋಟದಮನೆ, ಹೊಸನಗರ ತಾಲ್ಲೂಕು

ಅಕ್ಕಾ, ಓದಿ ಸುಮ್ನೆ ಕೂತುಬಿಟ್ಟೆ. ಈಗಷ್ಟೇ ಭಾವನಿಗೆ ಫೋನ್ ಮಾಡಿ ಕೇಳಿದೆ.

ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಅಂಗಳಕ್ಕೆ ಸಾಮಾನಿನ ಖರ್ಚು 42 ಸಾವಿರ. ಅವರ ಹನ್ನೆರಡು ದಿನದ ಕೆಲಸ ಅದರಲ್ಲಿ ಇಲ್ಲ. ಇಲ್ಲಿವರೆಗೆ ಮಾಡಿದ್ದು ಎರಡು. ಒಂದು ಅವರ ಮನೆಗೆ, ಇನ್ನೊಂದು ಅವರ ಚಿಕ್ಕಪ್ಪನ ಮನೆಗೆ. ಚಿಕ್ಕಪ್ಪನ ಹತ್ತಿರ ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡರು. ಅಂದರೆ ಮಾರಾಟ ಸೊನ್ನೆ.

ವರ್ಕ್‌ಶಾಪ್, ಭದ್ರಾವತಿ

ಮೊದಲು ನಿಮ್ಮ ಭಾವನಿಗೆ ಬಾಯಿ ಮುಚ್ಚಿಕೊಳ್ಳಲು ಹೇಳಿ. ಬೇಜಾರು ಮಾಡಿಕೊಳ್ಳಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಕಾಳುಮೆಣಸನ್ನು ಗೊಂಚಲಿನಿಂದ ಬಿಡಿಸುವ ಸಣ್ಣ ಯಂತ್ರವನ್ನು ನಾನು ಮಾಡಿದ್ದೆ. ಕಾಳು ಒಡೆಯದ ಹಾಗೆ ಒಳಗೆ ರಬ್ಬರಿನ ಒಂದು ಜೋಡಣೆ. ಅದಕ್ಕೆ ಎಂಟು ತಿಂಗಳು ಹಿಡಿದಿತ್ತು. ಒಂದು ಮೇಳದಲ್ಲಿ ಇಟ್ಟೆ. ಬಂದವರಿಗೆಲ್ಲ ಮುಚ್ಚಳ ಬಿಚ್ಚಿ ತೋರಿಸಿದೆ, ಅಷ್ಟು ಖುಷಿ ನನಗೆ. ಮುಂದಿನ ವರ್ಷ ಅದೇ ಯಂತ್ರ, ಅದೇ ರಬ್ಬರು, ಬೇರೆ ಬಣ್ಣ, ಬೇರೆ ಊರಿನ ಹೆಸರು. ನನಗಿಂತ ಎರಡು ಸಾವಿರ ಕಡಿಮೆಗೆ ಮಾರುತ್ತಿದ್ದರು. ಹೋಗಿ ಕೇಳಿದರೆ ನಿನ್ನ ಹತ್ತಿರ ಏನು ದಾಖಲೆ ಇದೆ ಅಂದರು. ಏನೂ ಇರಲಿಲ್ಲ.

ಮೇಳಕ್ಕೆ ಬಂದಿದ್ದವರು ಎಷ್ಟು ಜನ, ಟಿವಿ ನೋಡುವವರು ಎಷ್ಟು ಜನ? ಯೋಚನೆ ಮಾಡಿ.

ಪೇಟೆಂಟ್ ಕೆಲಸ ಮಾಡುವವಳು, ಶೃಂಗೇರಿ ಕಡೆಯವಳು

ಭದ್ರಾವತಿಯವರ ಕಥೆ ಕೇಳಿ ಬೇಸರವಾಯಿತು. ಅದು ತಪ್ಪಬಹುದಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯಾವುದನ್ನೇ ಜನರಿಗೆ ತೋರಿಸುವ ಮೊದಲು ಪೇಟೆಂಟ್‌ಗೆ, ಅಂದರೆ ಆವಿಷ್ಕಾರದ ಮೇಲಿನ ಹಕ್ಕಿಗೆ, ಅರ್ಜಿ ಹಾಕಬೇಕು. ತೋರಿಸಿದ ಮೇಲೆ ಅದು ಹೊಸದು ಅನ್ನಿಸಿಕೊಳ್ಳುವುದಿಲ್ಲ. ಎಲ್ಲ ಸಿದ್ಧವಾಗದಿದ್ದರೂ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ ದಿನಾಂಕ ಹಿಡಿದಿಡಬಹುದು. ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಆಮೇಲೆ 12 ತಿಂಗಳೊಳಗೆ ಪೂರ್ತಿ ವಿವರ ಕೊಡಬೇಕು. ಕರ್ನಾಟಕಕ್ಕೆ ಚೆನ್ನೈ ಕಚೇರಿ. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷದ ಹಕ್ಕು, ನಡುವೆ ನವೀಕರಣ ಶುಲ್ಕ ಕಟ್ಟುತ್ತಿರಬೇಕು.

ಕೃಷಿ ಮಾಡುವ ವಿಧಾನಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಇಲ್ಲ. 1970ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ಅದು ಇದೆ. ಯಂತ್ರಕ್ಕೆ ಸಿಗಬಹುದು, ಆದರೆ ಅದರಲ್ಲಿ ಹೊಸತು ಏನಾದರೂ ಇರಬೇಕು. ಜಾರುವ ಮಾಡು ಹಳೆಯದು. ಮಳೆ ಸೆನ್ಸರ್ ಹಳೆಯದು. ಎರಡನ್ನೂ ಸೇರಿಸಿದ್ದರಲ್ಲಿ ಯಾರಿಗೂ ಸುಲಭವಾಗಿ ಹೊಳೆಯದ ಏನನ್ನಾದರೂ ನಿಮ್ಮ ಭಾವ ಮಾಡಿದ್ದಾರಾ? ಅದು ಮುಖ್ಯ. ಇಲ್ಲಿ ಬರೆಯಬೇಡಿ. ಯಾರಿಗಾದರೂ ವಿಡಿಯೊ ಕಳಿಸಿದ್ದೀರಾ?

ತೋಟದಮನೆ, ಹೊಸನಗರ ತಾಲ್ಲೂಕು

ಕಳಿಸಿದ್ದು ಅಲ್ಲ, ಹೋದ ವರ್ಷ ನಾನೇ ಫೇಸ್‌ಬುಕ್‌ಗೆ ಹಾಕಿದ್ದೆ. ತುಂಬ ಜನ ಹಂಚಿಕೊಂಡಿದ್ದರು. ಒಳ್ಳೆಯದಾಗಲಿ ಅಂತ ಮಾಡಿದ್ದು. ಈಗ ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆಗುತ್ತಿದೆ.

ಪೇಟೆಂಟ್ ಕೆಲಸ ಮಾಡುವವಳು, ಶೃಂಗೇರಿ ಕಡೆಯವಳು

ಆ ವಿಡಿಯೊದಲ್ಲಿ ಕಾಣುವಷ್ಟು ಹೋಯಿತು ಅಂತಲೇ ಇಟ್ಟುಕೊಳ್ಳಿ. ಆಮೇಲೆ ಸೇರಿಸಿದ ಹೊಸ ಭಾಗ ಏನಾದರೂ ಇದ್ದರೆ ಅದನ್ನು ನೋಡಬಹುದು. ನಿಮ್ಮನ್ನು ಬೈದುಕೊಳ್ಳಬೇಡಿ, ಎಷ್ಟೋ ಜನ ಹೀಗೇ ಮಾಡಿರುತ್ತಾರೆ. ಸರ್ಕಾರದ ಪೇಟೆಂಟ್ ಜಾಲತಾಣದಲ್ಲಿ ಹುಡುಕುವುದು ಉಚಿತ, ಇವತ್ತೇ ನೋಡಿ. ಗುಜರಾತಿನಲ್ಲಿರುವ ನ್ಯಾಷನಲ್ ಇನೊವೇಶನ್ ಫೌಂಡೇಶನ್ ಹಳ್ಳಿಯ ಇಂಥ ಆವಿಷ್ಕಾರಗಳಿಗೆ ಪೇಟೆಂಟ್ ಅರ್ಜಿಗೂ ಸಹಾಯ ಮಾಡುತ್ತದೆ. ಅವರಿಗೂ ಬರೆಯಿರಿ.

ಕಾಫಿ, ಅಡಿಕೆ ಎರಡೂ ಇರುವವನು, ಕೊಪ್ಪ

ಎಲ್ಲರೂ ದುಡ್ಡು ಹಾಕುವವರ ಬಗ್ಗೆ ಮಾತಾಡುತ್ತಿದ್ದೀರಿ. ಕೊಳ್ಳುವವನು ನಾನು. ನನ್ನ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ?

ಗಾಳಿ ಮಳೆ ಶುರುವಾದ ಕೂಡಲೇ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು. ಆಗ ಮೋಟಾರು ತಿರುಗುವುದು ಹೇಗೆ?

ಡಿಸೆಂಬರ್ ಬೆಳಗಿನ ಜಾವ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತದೆ. ಸೆನ್ಸರ್‌ಗೆ ವ್ಯತ್ಯಾಸ ಗೊತ್ತಾಗುತ್ತದಾ?

ಟಾರ್ಪಾಲು ಗಾಳಿ ತುಂಬಿಕೊಂಡು ಹಾಯಿಯ ಹಾಗೆ ಎಳೆದರೆ ಹಳಿ ತಡೆಯುತ್ತದಾ? ಮಂಗ ವೈರು ಕಿತ್ತರೆ ಯಾರನ್ನು ಕರೆಯಬೇಕು? ಎಲ್ಲಕ್ಕಿಂತ ದೊಡ್ಡದು, ಈಗ ಬೇಕಾದಷ್ಟು ಜನ ಪಾಲಿಹೌಸ್ (ಬಿಸಿಲು ಒಳಗೆ ಬರುವ ಪ್ಲಾಸ್ಟಿಕ್ ಹೊದಿಸಿದ ಒಣಗಿಸುವ ಮನೆ) ಮಾಡಿಸಿಕೊಂಡಿದ್ದಾರೆ. ಅದಕ್ಕೆ ಮೋಟಾರೂ ಬೇಡ, ಸೆನ್ಸರೂ ಬೇಡ. ನಾನು ನಿಮ್ಮ ಚಪ್ಪರ ಯಾಕೆ ಕೊಳ್ಳಬೇಕು?

ತಪ್ಪು ಹುಡುಕಲು ಕೇಳುತ್ತಿಲ್ಲ. ಹೋದ ನವೆಂಬರ್‌ನಲ್ಲಿ ನನ್ನ ಅಡಿಕೆಯೂ ನೆನೆದಿದೆ. ನಿಜವಾಗಿ ಬೇಕಾಗಿದೆ.

ತೋಟದಮನೆ, ಹೊಸನಗರ ತಾಲ್ಲೂಕು

ನಿಮ್ಮ ಪ್ರಶ್ನೆ ಓದಿದ ಭಾವ ಖುಷಿಯಾದರು. ಈ ಮೂರು ವರ್ಷದಲ್ಲಿ ಅವರು ಇಷ್ಟು ಹುಮ್ಮಸ್ಸಿನಲ್ಲಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಅವರು ಹೇಳಿದ್ದನ್ನು ಬರೆಯುತ್ತೇನೆ.

ಕರೆಂಟಿನದ್ದು ಮೊದಲ ವರ್ಷವೇ ಗೊತ್ತಾಯಿತು. ಮಳೆ ಬಂತು, ಕರೆಂಟು ಹೋಯಿತು, ಮಾಡು ಅರ್ಧದಲ್ಲಿ ನಿಂತಿತು. ಈಗ 12 ವೋಲ್ಟ್ ಬ್ಯಾಟರಿ ಇದೆ, ಕರೆಂಟು ಇದ್ದಾಗ ಚಾರ್ಜ್ ಆಗುತ್ತದೆ. ಅದೂ ಕೈಕೊಟ್ಟರೆ ಕೈಯಿಂದ ತಿರುಗಿಸುವ ಹಿಡಿ ಇದೆ. ಅಕ್ಕ ಒಬ್ಬಳೇ ತಿರುಗಿಸುತ್ತಾಳೆ.

ಇಬ್ಬನಿ ತುಂಬ ಕಾಡಿತು. ಬೆಳಗಿನ ಜಾವ ಐದಕ್ಕೆ ಮಾಡು ತಾನೇ ಮುಚ್ಚಿಕೊಳ್ಳುತ್ತಿತ್ತು, ಯಾರೂ ನೋಡದಿದ್ದರೆ ಹತ್ತು ಗಂಟೆವರೆಗೆ ಬಿಸಿಲು ವ್ಯರ್ಥ. ಅದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ, ಅದು ವಿಡಿಯೊದಲ್ಲಿ ಇಲ್ಲ, ಇಲ್ಲಿಯೂ ಬರೆಯುವುದಿಲ್ಲ. ಹೋದ ಕೊಯ್ಲಿನಲ್ಲಿ ಒಂದು ದಿನವೂ ಸುಳ್ಳು ಮುಚ್ಚಿಲ್ಲ.

ಗಾಳಿಗೆ ಇನ್ನೂ ಪೂರ್ತಿ ಉತ್ತರ ಇಲ್ಲ ಅಂದರು. ಚಿಕ್ಕಪ್ಪನ ಮನೆಯಲ್ಲಿ ಒಮ್ಮೆ ಒಂದು ಬದಿಯ ಹಗ್ಗ ತುಂಡಾಗಿದೆ. ಮಂಗಕ್ಕೆ ವೈರನ್ನು ಪೈಪಿನೊಳಗೆ ಹಾಕಿದ್ದಾರೆ.

ಪಾಲಿಹೌಸ್ ಇರುವವರಿಗೆ ಇದು ಬೇಡ ಅಂತ ಅವರೇ ಹೇಳಿದರು. ಮನೆ ಅಂಗಳವನ್ನೇ ಕೊಯ್ಲಿನಲ್ಲಿ ಅಡಿಕೆಗೆ, ಆಮೇಲೆ ಮದುವೆ, ಪೂಜೆಗೆ ಬಳಸುವ ಸಣ್ಣ ಹಿಡುವಳಿಯವರಿಗೆ ಇದು. ಹಳಿ ಬಿಚ್ಚಿ ಎತ್ತಿಡಬಹುದು.

ಬೆಂಗಳೂರಿನಲ್ಲಿರುವ ಕೋಣಂದೂರಿನವನು

ಪಾಲಿಹೌಸ್ ಇರುವವರಿಗೆ ಬೇಡ ಅಂದರಲ್ಲ, ಆ ಮಾತು ನನಗೆ ತುಂಬ ಹಿಡಿಸಿತು. ಟಿವಿಯಲ್ಲಿ ಎಷ್ಟೋ ಜನ ಇದು ಎಲ್ಲರಿಗೂ ಬೇಕು ಅಂತ ಹೇಳಿ ಸಿಕ್ಕಿಬೀಳುತ್ತಾರೆ.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ನಾನು ಹೋಗಲಿ ಅನ್ನುವ ಕಡೆ. ದುಡ್ಡು ಸಿಗದಿದ್ದರೂ ಪ್ರಚಾರ ಸಿಗುತ್ತದಲ್ಲ? ಅಮೆರಿಕದ ಶಾರ್ಕ್ ಟ್ಯಾಂಕ್‌ನಲ್ಲಿ 2013ರಲ್ಲಿ ಜೇಮಿ ಸಿಮಿನಾಫ್ ಅನ್ನುವವರು ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ತಂದಿದ್ದರು. ಬರಿಗೈಯಲ್ಲಿ ವಾಪಸ್ ಹೋದರು. ಅದೇ ಮುಂದೆ ರಿಂಗ್ ಆಯಿತು. 2018ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಆಮೇಲೆ ಅದೇ ಕಾರ್ಯಕ್ರಮಕ್ಕೆ ಅವರು ದುಡ್ಡು ಹಾಕುವವರ ಕುರ್ಚಿಯಲ್ಲಿ ಬಂದು ಕೂತರು! ಈ ಬಗೆಯ ಕಾರ್ಯಕ್ರಮ ಹುಟ್ಟಿದ್ದೇ 2001ರಲ್ಲಿ ಜಪಾನಿನಲ್ಲಿ. ಎಷ್ಟು ದೇಶಗಳಿಗೆ ಹೋಗಿದೆ. ನಮ್ಮ ಮಲೆನಾಡಿನ ಅಂಗಳವನ್ನೂ ದೇಶ ನೋಡಲಿ. ಭಾಷೆಗೆ ಹೆದರಬೇಡಿ. ಕೈಯಲ್ಲಿ ಮಾಡಿದ ವಸ್ತು ಎದುರಿಗೆ ಇದ್ದರೆ ಅದೇ ಮಾತಾಡುತ್ತದೆ.

ವರ್ಕ್‌ಶಾಪ್, ಭದ್ರಾವತಿ

ಮಗಳೇ, ನಿನ್ನ ಉತ್ಸಾಹ ನೋಡಿ ಸಂತೋಷ. ಆದರೆ ಎಪಿಸೋಡು ಫೆಬ್ರವರಿಯಲ್ಲಿ ಬಂತು ಅಂತ ಇಟ್ಟುಕೋ. ಕೊಯ್ಲು ಮುಗಿದಿರುತ್ತದೆ. ಫೋನು ಮಾತ್ರ ಬಡಿದುಕೊಳ್ಳುತ್ತದೆ. ಒಂದಕ್ಕೆ ಹನ್ನೆರಡು ದಿನ ಹಿಡಿಯುವ ಕೆಲಸ. ಐನೂರು ಜನ ಮುಂಗಡ ಕೊಟ್ಟರೆ ಇವರು ಏನು ಮಾಡುತ್ತಾರೆ? ಮಾಡಿ ಕೊಡದಿದ್ದರೆ ಬಂದ ಹೆಸರೇ ಕೆಡುತ್ತದೆ. ಹಳಿ ತುಂಡು ಮಾಡಿ ತೂತು ಕೊರೆಯುವ ಕೆಲಸ ನನ್ನ ಹತ್ತಿರ ಮಾಡಿಸಿದರೆ ಹನ್ನೆರಡು ದಿನ ಐದಕ್ಕೆ ಇಳಿಯುತ್ತದೆ. ಜಿಗ್ (ಪ್ರತಿ ಸಲ ಅದೇ ಅಳತೆಗೆ ಕೊರೆಯಲು ಹಿಡಿದಿಡುವ ಅಚ್ಚು) ಮಾಡಿಕೊಟ್ಟರೆ ಇನ್ನೂ ಕಡಿಮೆ.

ನಿವೃತ್ತ ಬ್ಯಾಂಕಿನವನು, ಶಿವಮೊಗ್ಗ

ಮೂವತ್ತನಾಲ್ಕು ವರ್ಷ ಸಾಲದ ಅರ್ಜಿ ನೋಡಿದ್ದೇನೆ, ಹೇಳಲೇಬೇಕು ಅನ್ನಿಸಿತು.

ಪಾಲು ತೆಗೆದುಕೊಳ್ಳುವವರು ಕೆಟ್ಟವರಲ್ಲ. ಆದರೆ ಅವರಿಗೆ ಬೇಕಾದದ್ದು ಕೆಲವೇ ವರ್ಷದಲ್ಲಿ ಹತ್ತು ಪಟ್ಟು ಆಗುವ ವ್ಯವಹಾರ. ಅವರು ಹಾಕಿದ ಹತ್ತರಲ್ಲಿ ಹಲವು ಮುಳುಗುತ್ತವೆ, ಉಳಿದ ಒಂದೆರಡು ಎಲ್ಲವನ್ನೂ ತುಂಬಿಕೊಡಬೇಕು. ವರ್ಷಕ್ಕೆ ನೂರು ಚಪ್ಪರ ಮಾಡಿ ಮಾರಿದರೆ ಒಂದು ಮನೆಯ ಬಾಳು ಚೆನ್ನಾಗಿ ಸಾಗುತ್ತದೆ, ನಾಲ್ಕು ಹುಡುಗರಿಗೆ ಕೆಲಸ ಸಿಗುತ್ತದೆ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ. ಅವರ ಮಟ್ಟಿಗೆ ಅದು ಸಣ್ಣದು. ಅವರು ಬೇಡ ಅಂದರೆ ನಿಮ್ಮ ವಸ್ತು ಕೆಟ್ಟದ್ದು ಅಂತ ಅಲ್ಲ, ಅವರ ಲೆಕ್ಕಕ್ಕೆ ಹೊಂದುವುದಿಲ್ಲ ಅಂತ. ಇದನ್ನು ನಿಮ್ಮ ಭಾವ ಚೆನ್ನಾಗಿ ಅರ್ಥ ಮಾಡಿಕೊಳ್ಳಲಿ. ಇಲ್ಲದಿದ್ದರೆ ಅಲ್ಲಿಂದ ಮನಸ್ಸು ಮುರಿದು ಬರುತ್ತಾರೆ.

ಮೊದಲ ಹತ್ತು ಚಪ್ಪರಕ್ಕೆ 25 ಲಕ್ಷ ಯಾಕೆ? ನಾಲ್ಕು ಲಕ್ಷ ಇಪ್ಪತ್ತು ಸಾವಿರದ ಸಾಮಾನು. ಮುದ್ರಾ ಸಾಲದಲ್ಲಿ ಕಿಶೋರ್ ವಿಭಾಗ 5 ಲಕ್ಷದವರೆಗೆ ಇದೆ. ಮುಂಗಡ ಅರ್ಧ ತೆಗೆದುಕೊಂಡರೆ ಅಷ್ಟೂ ಬೇಡ. ಬಡ್ಡಿ ಕಟ್ಟಿ ತೀರಿಸಿದ ಮೇಲೆ ಕಂಪನಿ ಪೂರ್ತಿ ನಿಮ್ಮದೇ. ಮುಂದೆ ದೊಡ್ಡದು ಮಾಡುವುದಾದರೆ ಹೊಸ ಕಂಪನಿಗಳಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಇದೆ. ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ, ಪಾಲು ಕೇಳುವುದಿಲ್ಲ.

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ನೆನೆಸಿಕೊಳ್ಳಿ. ಹುಣಸೆ ಬೀಜ ಬಿಡಿಸುವ ಯಂತ್ರ, ಬಿತ್ತನೆ ಕೂರಿಗೆ ಅಂತ ರೈತರಿಗೆ ಬೇಕಾದದ್ದನ್ನೇ ಮಾಡುತ್ತ ಬಂದರು. ಸಾಲ, ಕಷ್ಟ ಎಲ್ಲ ಕಂಡರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಯಂತ್ರ ಮೊದಲು ನೋಡಿ ಒಪ್ಪಿದ್ದು ಹೊಲದಲ್ಲಿ ನಿಂತ ರೈತರು.

ಅಂಗಡಿಯವನು, ತೀರ್ಥಹಳ್ಳಿ

ಬ್ಯಾಂಕ್ ಸರ್ ಹೇಳಿದ್ದು ಓದಿ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ನನಗೆ ಸಿಟ್ಟು ಇದ್ದದ್ದು ಬೇಡ ಅಂದದ್ದಕ್ಕೆ ಅಲ್ಲ, ಅಂದ ರೀತಿಗೆ. ಅದು ಈಗಲೂ ಇದೆ. ದುಡಿದು ಬಂದವನಿಗೆ ಮರ್ಯಾದೆಯಿಂದ ಬೇಡ ಅನ್ನಬಹುದು, ಕೊಪ್ಪದವರು ಹೇಗೆ ಕೇಳಿದರೋ ಹಾಗೆ. ಎಲ್ಲ ಕಠಿಣ ಪ್ರಶ್ನೆಯೇ, ಆದರೂ ಹುಡುಗನಿಗೆ ಹುಮ್ಮಸ್ಸು ಬಂತು.

ಉಪ್ಪಿನಕಾಯಿ ಮಾಡುವ ಅಕ್ಕ, ಸಾಗರ

ತಮ್ಮಾ, ನಿನ್ನ ಅಕ್ಕನ ಕೆಲಸವನ್ನೂ ಲೆಕ್ಕಕ್ಕೆ ಬರೆಯಿರಿ. ಟಾರ್ಪಾಲು ಹೊಲಿದದ್ದು ಯಾರು?

ತೋಟದಮನೆ, ಹೊಸನಗರ ತಾಲ್ಲೂಕು

ಅಕ್ಕನೇ ಹೊಲಿದದ್ದು, ಅಂಚಿಗೆ ಹಗ್ಗ ಸೇರಿಸಿ, ನಾಲ್ಕು ದಿನ. ಬರೆದಾಯಿತು. ಭಾವ ಮತ್ತೆ ಲೆಕ್ಕ ಹಾಕಿದ್ದಾರೆ. ಇಬ್ಬರ ಕೂಲಿ ಸೇರಿ 57 ಸಾವಿರ ಬೀಳುತ್ತದೆ. 65ಕ್ಕೆ ಕೊಡಬೇಕು ಅಂತ ಯೋಚನೆ. ಭದ್ರಾವತಿಗೆ ಬುಧವಾರ ಹೋಗಿ ಹಳಿಯ ಕೆಲಸ ಮಾತಾಡಿಕೊಂಡು ಬರುತ್ತಾರೆ. ಇಬ್ಬನಿಯ ಭಾಗಕ್ಕೆ ಅರ್ಜಿ ಹಾಕಬಹುದಾ ಅಂತ ಶೃಂಗೇರಿಯ ಮೇಡಂ ಹತ್ತಿರ ಬೇರೆಯಾಗಿ ಕೇಳಿದ್ದೇವೆ. ಅದು ಮೊದಲೇ ಬೇರೆ ಕಡೆ ಇರಬಹುದು, ಹುಡುಕಿ ನೋಡೋಣ ಅಂದಿದ್ದಾರೆ. ಟಿವಿಯ ಅರ್ಜಿ ಈ ವರ್ಷ ಹಾಕುವುದಿಲ್ಲ. ಮೊದಲು ನೆಂಟರಲ್ಲದವರ ಆರು ಅಂಗಳ ಅಂತ ಭಾವ ಹೇಳಿದರು.

ಕಾಫಿ, ಅಡಿಕೆ ಎರಡೂ ಇರುವವನು, ಕೊಪ್ಪ

ಮೊದಲನೆಯದು ನನ್ನ ಅಂಗಳ. ಅರ್ಧ ಮುಂಗಡ ಈಗ ಕೊಡುತ್ತೇನೆ, ಉಳಿದದ್ದು ಒಂದು ಗಾಳಿ ಮಳೆ ದಾಟಿದ ಮೇಲೆ. ನಮ್ಮದು ಗುಡ್ಡದ ನೆತ್ತಿ, ಗಾಳಿ ಜಾಸ್ತಿ. ಹಗ್ಗ ತುಂಡಾಗುವುದಾದರೆ ಇಲ್ಲೇ ಆಗುತ್ತದೆ. ಅಡಿಕೆ ಮುಗಿದ ಮೇಲೆ ಅದರಲ್ಲೇ ಕಾಫಿ ಒಣಗಿಸಿ ನೋಡುತ್ತೇನೆ.

ತೋಟದಮನೆ, ಹೊಸನಗರ ತಾಲ್ಲೂಕು

ಭಾನುವಾರ ಬೆಳಿಗ್ಗೆ ಭಾವ ಟೇಪು ಹಿಡಿದು ಬರುತ್ತಾರೆ, ಜೊತೆಗೆ ನಾನೂ. ಅಂಗಳದ ಫೋಟೊ ಒಂದು ಕಳಿಸಿ. ಪಕ್ಕದಲ್ಲಿ ಹಲಸಿನ ಮರ ಇದ್ದರೆ ಈಗಲೇ ಹೇಳಿ, ಕೊಂಬೆ ಹಳಿಗೆ ಅಡ್ಡ ಬರಬಾರದು.

ಕಾಫಿ, ಅಡಿಕೆ ಎರಡೂ ಇರುವವನು, ಕೊಪ್ಪ

ಮರ ಇದೆ. ಹಲಸಲ್ಲ, ಮಾವು. ತಿಂಡಿಗೆ ಇಲ್ಲಿಗೇ ಬನ್ನಿ.